ಕದ್ದವರಿಗೇ ಗಿಡ

ನಮ್ಮ ಸೋದರತ್ತೆ ಗುಂಡ್ಲುಪೇಟೆಯ ಅರ್ಧ ಊರಿಗೆ ಕಳ್ಳತನ ಕಲಿಸಿದವಳು. ಹೌಹಾರಬೇಡಿ! ಕಳ್ಳತನ ನಡೆಯುತ್ತಿದ್ದದ್ದು ಅವಳದೇ ಹಿತ್ತಿಲಲ್ಲಿ, ಹಾಡಹಗಲಲ್ಲಿ, ಅವಳದೇ ಮೇಲ್ವಿಚಾರಣೆಯಲ್ಲಿ. ಐವತ್ತರ ದಶಕದಲ್ಲಿ ಅವಳು ಕಟ್ಟಿದ ಹೂದೋಟದ ಸಂಘಕ್ಕೆ ಇದ್ದದ್ದು ಒಂದೇ ಕಾನೂನು: ಗಿಡ ಕೇಳಬಾರದು, ಕದಿಯಬೇಕು. ಕದ್ದ ಗಿಡ ಚೆನ್ನಾಗಿ ಚಿಗುರುತ್ತದೆ ಅಂತ ನಮ್ಮ ಕಡೆಯ ಹೆಂಗಸರು ಮೊದಲೇ ನಂಬಿದ್ದರಲ್ಲ, ಅತ್ತೆಗೆ ಅಷ್ಟೇ ಸಾಕಾಯಿತು.

ನಿಜ ಸಂಗತಿ ಬೇರೆ. ಅತ್ತೆಯ ಗಂಡ ತೀರಿಹೋಗಿದ್ದರು. ವಿಧವೆಯ ಕೈಯಿಂದ ಹೂವಿನ ಗಿಡ ಈಸಿಕೊಳ್ಳುವ ಮುತ್ತೈದೆ ಆ ಕಾಲದಲ್ಲಿ ಎಲ್ಲಿ ಸಿಗಬೇಕು? ಮೊದಮೊದಲು ಮಲ್ಲಿಗೆ ಸಸಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಹೋದಳು. ಎಲ್ಲರೂ ಕಾಫಿ ಕೊಟ್ಟರು, ಕೈ ಮಾತ್ರ ಚಾಚಲಿಲ್ಲ. ಸಸಿಗಳು ಬುಟ್ಟಿಯಲ್ಲೇ ಬಾಡಿದವು. ಆಮೇಲೆ ಹುಟ್ಟಿದ್ದು ಈ ಕಾನೂನು. ಕದಿಯುವವರಿಗೆ ಯಾರ ಕೈಯಿಂದಲೂ ಈಸಿಕೊಳ್ಳುವ ಪ್ರಮೇಯವೇ ಇಲ್ಲವಲ್ಲ!

ಕಳ್ಳಿಯರು ಬಂದರೆ ಗೋಡೆಗೆ ಮುಖ ಮಾಡಿ ಕೂರುವುದು ಅವಳ ಪದ್ಧತಿ. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಅಂಗ್ ಮುರೀಬ್ಯಾಡ ಕಣಮ್ಮಿ, ಗೆಣ್ಣಿನ್ ಕೆಳೀಕ್ ಕುಯ್ಯಿ!"

"ಅಯ್ಯೋ, ನೋಡ್ಬುಟ್ರಾ ದೊಡ್ಡವ್ವ?"

"ನಾನೆಲ್ಲಿ ನೋಡ್ದೆ? ಬ್ಯಾಗ ಓಗು, ಕಡ್ಡಿ ಒಣಗ್ತದೆ!"

ಒಮ್ಮೆ ಊರಿಗೆ ಹೊಸಬನಾದ ಪೊಲೀಸಪ್ಪ, ಕನಕಾಂಬರದ ಸಸಿ ಸಮೇತ ಒಬ್ಬಾಕೆಯನ್ನು ಹಿಡಿದು ತಂದು ಅತ್ತೆಯ ಮುಂದೆ ನಿಲ್ಲಿಸಿದ. ಅತ್ತೆ ಕೆಂಡವಾದಳು.

"ಬುಡಪ್ಪ ಅವಳ್ನ! ನಮ್ ಸಂಘದ ಮೆಂಬರು ಕಣಪ್ಪ!"

"ಮೆಂಬರು ಯಾಕಮ್ಮ ಕದೀತಾರೆ?"

"ಕದೀದೆ ಇದ್ರೆ ಮೆಂಬರಾಗದೆಂಗೆ?"

ಪೊಲೀಸಪ್ಪ ತಲೆ ಕೆರೆದುಕೊಂಡು ಹೋದ. ಮುಂದಿನ ವಾರ ಹೆಂಡತಿಗೆಂದು ಟೋಪಿಯೊಳಗೆ ಸಸಿ ಮುಚ್ಚಿಟ್ಟುಕೊಂಡು ಅವನೇ ಬೇಲಿ ಹಾರಿದ!

ಹೀಗೆ ಕಳುವಾದ ಗಿಡಗಳು ಬಸ್ಸು ನಿಲ್ಲುವ ಕಡೆ, ಸೇದುವ ಬಾವಿಯ ಸುತ್ತ, ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ಹೂಬಿಟ್ಟವು. ಸಂಘದವರು ಸರದಿಯ ಮೇಲೆ ನೀರು ಹೊತ್ತರು. ತೆರಕಣಾಂಬಿಯ ಹೆಂಗಸರೂ ಬಸ್ಸಿಗೆ ಟಿಕೆಟ್ಟು ಕೊಂಡು ಕದಿಯಲು ಬರತೊಡಗಿದರು. ಇಂಥ ಮರ್ಯಾದಸ್ಥ ಕಳ್ಳರನ್ನು ನೀವೆಲ್ಲಾದರೂ ಕಂಡಿದ್ದೀರಾ? ಅತ್ತೆ ಹಿಗ್ಗುತ್ತಿದ್ದಳು. ಆದರೂ ಯಾರಾದರೂ ಎದುರಾದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಪಕ್ಕದ ಮನೆಯ ಹೊಸ ಸೊಸೆ, ಕುದೇರಿನ ಹುಡುಗಿ, ಹಿತ್ತಿಲಿಗೆ ಬಂದಳು. ಅತ್ತೆ ಎಂದಿನಂತೆ ಗೋಡೆಗೆ ತಿರುಗಿದಳು.

"ಈ ಕಡೀಕ್ ತಿರೀಕಳಿ ದೊಡ್ಡವ್ವ."

"ಯಾಕಮ್ಮಿ? ತಕ್ಕೊಂಡೋಗು, ನಾ ನೋಡಾಕಿಲ್ಲ."

"ನಾ ಕದಿಯಾಕಿಲ್ಲ. ನೀವೇ ಕೊಡಿ."

"ನಿಮ್ಮತ್ತೆ ಬಯ್ತಾಳೆ ಕಣಮ್ಮಿ."

"ಬಯ್ಲಿ ಬುಡಿ," ಅಂದವಳೇ ಬಾಗಿನ ಈಸಿಕೊಳ್ಳುವವಳಂತೆ ಸೆರಗೊಡ್ಡಿ ನಿಂತಳು.

ನಮ್ಮತ್ತೆ ಗೋಡೆ ಬಿಟ್ಟು ಈಚೆ ತಿರುಗಿದಳು. ಒಂದು ಕಡ್ಡಿ ಕುಯ್ದು ಕೊಟ್ಟಿದ್ದರೆ ಸಾಕಿತ್ತು. ಅವಳು ನೆಲಕ್ಕೆ ಕುಕ್ಕರಿಸಿ, ಎರಡೂ ಕೈಯಿಂದ ಮಣ್ಣು ತೋಡಿ, ಹೂಬಿಟ್ಟಿದ್ದ ಇಡೀ ಮಲ್ಲಿಗೆ ಗಿಡವನ್ನೇ ಎತ್ತಿ ಆ ಸೆರಗಿಗೆ ಹಾಕಿದಳು.