ಚಿನ್ನಿಯ ಕೊನೆಯ ಹಾಳೆ

ಗಾಳೆಪ್ಪನಿಗೆ ಆ ದಿನದ ಕಷ್ಟವೆಲ್ಲ ಬಂದದ್ದು ಅವನ ಬಾಯಿಂದಲೇ. ಮರೋಳ ದಾಟಿದ ಮೇಲೆ ಸಿಗುವ ಸಣ್ಣ ಹಳ್ಳಿಯೊಂದರ ಪಂಚಾಯ್ತಿ ಗ್ರಂಥಾಲಯವನ್ನು ಅವನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಒಂದು ಕೋಣೆ, ಎರಡು ಕಪಾಟು, ಒಂದು ಮೇಜು. ಓದಲು ಬರುವವರಿಗಿಂತ ಫ್ಯಾನಿನ ಕೆಳಗೆ ಕೂರಲು ಬರುವವರೇ ಹೆಚ್ಚು. ಆದರೂ ಆ ಕೋಣೆಯೆಂದರೆ ಅವನಿಗೆ ಜೀವ.

ಮೇ ತಿಂಗಳ ಒಂದು ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷೆ ಕಸ್ತೂರಿಯವರು ಅವನನ್ನು ಕರೆಸಿದರು.

"ಗಾಳೆಪ್ಪ, ನಳದ ಹೊಸಾ ಪೈಪ್ ಎಲ್ಲಾ ಹೊರಗ ಬಿದ್ದಾವ. ಬಿಸಲಿಗೆ ಸೀಳಾಕತ್ತಾವ. ನಿನ್ನ ಖೋಲಿ ಖಾಲಿ ಮಾಡಿಕೊಡು. ಪುಸ್ತಕ ಆಫೀಸಿನ ಮ್ಯಾಲ ಹತ್ತೋ ಪಾವಟಿಗಿ ಕೆಳಗ ಇಟ್ರಾತು."

ಗಾಳೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಅಕ್ಕಾರ, ಪೈಪು ನೀರು ತರ್ತಾವ ಅಷ್ಟ. ಪುಸ್ತಕ ಮನಷ್ಯಾರನ್ನ ಬದಲ ಮಾಡ್ತಾವ. ಕಿಡಕಿ ಗ್ಲಾಸ್ ಒಡದು ವರ್ಷ ಆತು, ಯಾರೂ ಹಾಕಿಸಿಕೊಡಲಿಲ್ಲ. ನಾನ ದಪ್ಪಂದೊಂದು ಹಾಳಿ ಹಚ್ಚಿ, ಮ್ಯಾಲೆಲ್ಲಾ ಟೇಪ್ ಬಡದೇನಿ. ಒಂದು ಹನಿ ನೀರು ಒಳಗ ಬಂದಿಲ್ಲ. ಅಂಥಾ ಖೋಲಿ ಅದು!"

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಕಸ್ತೂರಿಯವರ ಇಳಕಲ್ ಸೀರೆಯ ಸೆರಗು ಹಿಡಿದು ಅವರ ಮೊಮ್ಮಗಳು ದಾನೇಶ್ವರಿ ನಿಂತಿದ್ದಳು. ಗುಡುಗಿಗೆ ಅಂಜುವ ಆರು ವರ್ಷದ ಹುಡುಗಿ. ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೂ ಸೆರಗು ಬಿಡುತ್ತಿರಲಿಲ್ಲ. ಹುನಗುಂದದ ಮೀಟಿಂಗಿಗೂ ಅಧ್ಯಕ್ಷರು ಅವಳನ್ನು ಕಟ್ಟಿಕೊಂಡೇ ಹೋಗಬೇಕಿತ್ತು. ಗಾಳೆಪ್ಪ ಎದೆ ಉಬ್ಬಿಸಿ, "ಈ ಕೂಸಿನ ಅಂಜಿಕಿ ಒಂದ ಪುಸ್ತಕದಾಗ ಬಿಡಸ್ತೇನಿ" ಎಂದುಬಿಟ್ಟ.

ಕಸ್ತೂರಿಯವರು ಕನ್ನಡಕದ ಮೇಲಿಂದ ನೋಡಿದರು. "ಖರೇನ? ಸಂಜಿಕ ಮಳಿ ಐತಿ ಅಂತಾರ. ಬಿಡಿಸಿದ್ರ ಖೋಲಿ ನಿಂದು, ಇಲ್ಲಂದ್ರ ಪೈಪಿಂದು. ಶಂಕ್ರಪ್ಪ, ನೀ ಪೈಪ್ ತಂದು ಬಾಗಲದಾಗ ಒಟ್ಟಿರು."

ಊರಿಗೆ ನೀರು ಬಿಡುವ ಶಂಕ್ರಪ್ಪನಿಗೆ ಇಂಥ ಕೆಲಸವೆಂದರೆ ಭಾಳ ಉತ್ಸಾಹ. ಮಧ್ಯಾಹ್ನದೊಳಗೆ ಗ್ರಂಥಾಲಯದ ಬಾಗಿಲಲ್ಲಿ ಅರ್ಧ ದಾರಿ ಮುಚ್ಚುವಷ್ಟು ಪೈಪು ಒಟ್ಟಿ, ಅದರ ಮೇಲೆಯೇ ಕುಳಿತ. ಮೋಡ ಕಾಣುವ ಮೊದಲೇ ಅಧ್ಯಕ್ಷರು ಮೊಮ್ಮಗಳನ್ನು ತಂದು ಒಳಗೆ ಬಿಟ್ಟುಹೋದರು. ಪಕ್ಕದ ಅಂಗನವಾಡಿಯಲ್ಲಿ ಅಡುಗೆ ಮಾಡುವ ಇಂದ್ರವ್ವನೂ ಕೈ ಒರೆಸಿಕೊಳ್ಳುತ್ತ ಬಂದಳು.

"ಪುಸ್ತಕ ಯಾಕ್ರಿ ಸರ್ರ? ಹಣಿಗೆ ಒಂದೀಟು ಇಬೂತಿ ಹಚ್ರಿ, ಅಂಜಿಕಿ ಎಲ್ಲಾ ಹೋಗ್ತದ" ಎಂದಳು.

ಗಾಳೆಪ್ಪ ಕಪಾಟಿನಿಂದ ಒಂದು ಚಿತ್ರಪುಸ್ತಕ ತೆಗೆದ. ಗುಡುಗಿಗೆ ಹೆದರುವ ಚಿನ್ನಿ ಎಂಬ ಹುಡುಗಿಯ ಕತೆ. ಚಿನ್ನಿ ಮಂಚದ ಕೆಳಗೆ ಅಡಗಿದಳು. ಜೋಳದ ಬುಟ್ಟಿಯಲ್ಲಿ ಅಡಗಿದಳು. ದಾನೇಶ್ವರಿ ಬಾಯಿ ತೆರೆದು ಕೇಳುತ್ತಿದ್ದಳು. ಹೊರಗೆ ನಿಜವಾದ ಮೋಡವೂ ಕವಿಯಿತು. ಕೊನೆಗೆ ಚಿನ್ನಿ ಎದ್ದು ಬಾಗಿಲ ಚಿಲಕದ ಮೇಲೆ ಕೈ ಇಟ್ಟಳು. ಗಾಳೆಪ್ಪ ಹಾಳೆ ತಿರುವಿದ. ಅಲ್ಲಿ ರಟ್ಟು ಮಾತ್ರ ಇತ್ತು. ಕೊನೆಯ ಹಾಳೆಯೇ ಇರಲಿಲ್ಲ.

ದೂರದಲ್ಲಿ ಗುಡುಗಿತು. ದಾನೇಶ್ವರಿ ಮೇಜಿನ ಕೆಳಗೆ ಹೋದಳು. ಅಲ್ಲಿಂದಲೇ ದನಿ ಬಂತು. "ಮುಂದ ಏನಾತ್ರಿ ಸರ್ರ? ಗುಡುಗು ಚಿನ್ನಿನ್ನ ಒಯ್ತೇನ್ರಿ?"

ಗಾಳೆಪ್ಪ ಕಪಾಟಿನ ಸಂದಿಯಲ್ಲೆಲ್ಲ ಹುಡುಕಿದ. ಮೂರು ವರ್ಷದ ಹಿಂದೆ ಕಳೆದ ಬಾಚಣಿಕೆ ಸಿಕ್ಕಿತು, ಹಾಳೆ ಸಿಗಲಿಲ್ಲ.

"ಒಂದು ಸುಳ್ಳರ ಹೇಳಿ ಮುಗಸ್ರಿ ಸರ್" ಎಂದ ಶಂಕ್ರಪ್ಪ.

ಬೇರೆ ದಾರಿ ಕಾಣದೆ ಗಾಳೆಪ್ಪ ಶುರು ಮಾಡಿದ. "ಚಿನ್ನಿ ಅಂಗಳಕ್ಕ ಹೋದ್ಲು. ಸೊಂಟದ ಮ್ಯಾಲ ಕೈ ಇಟ್ಕೊಂಡು, 'ಲೇ ಗುಡುಗ, ನಾ ನಿನಗ ಅಂಜಂಗಿಲ್ಲ' ಅಂದ್ಲು. ಗುಡುಗು ಓಡಿ ಹೋತು."

"ಸುಳ್ಳು. ನೀವು ಹೋಗಿ ಅಂದು ತೋರಸ್ರಿ ಮತ್ತ" ಎಂದಳು ದಾನೇಶ್ವರಿ ಮೇಜಿನ ಕೆಳಗಿನಿಂದ.

ನಿಜ ಹೇಳಬೇಕೆಂದರೆ, ಗುಡುಗಿದಾಗ ಟಿವಿಯ ಪ್ಲಗ್ ಕೀಳುವ ನೆಪದಲ್ಲಿ ಒಳಕೋಣೆ ಸೇರಿಕೊಳ್ಳುವ ಗಂಡಸು ಅವನು. ಆದರೆ ಕೋಣೆಯ ಪ್ರಶ್ನೆ. ಪೈಪು ದಾಟಿ ಅಂಗಳಕ್ಕೆ ಇಳಿದ. ಸೊಂಟದ ಮೇಲೆ ಕೈ ಇಟ್ಟು, "ಲೇ ಗುಡುಗ" ಎಂದ. ಮುಂದಿನ ಮಾತು ಬಾಯಲ್ಲೇ ಉಳಿಯಿತು. ಆಕಾಶ ಸೀಳಿದಂತೆ ಗುಡುಗಿ, ಅಡಿಕೆ ಗಾತ್ರದ ಆಣೆಕಲ್ಲು ಅವನ ಬೋಳು ನೆತ್ತಿಯ ಮೇಲೆ ಟಣ್ ಎಂದು ಬಿತ್ತು. ಹಿಂದೆಯೇ ಇನ್ನೊಂದು. ಬಾಗಿಲಲ್ಲಿ ಶಂಕ್ರಪ್ಪ, ಇಂದ್ರವ್ವ, ಪೈಪು. ನುಗ್ಗಲು ಜಾಗವಿಲ್ಲ. ತಲೆ ಹಿಡಿದುಕೊಂಡು, ಯಾರೂ ಹೋಗದ ಹಿತ್ತಲಿಗೆ ಓಡಿ, ಗೋಡೆಗೆ ಮುಖ ಒತ್ತಿ, ಕಣ್ಣು ಮುಚ್ಚಿ ನಿಂತ.

ಕಣ್ಣು ಬಿಟ್ಟರೆ ಎದುರಿಗೇ ಚಿನ್ನಿ!

ಒಡೆದ ಕಿಟಕಿಗೆ ಅವನೇ ಹಚ್ಚಿದ್ದ ಹಾಳೆ ಅದು. ನೆಲದ ಮೇಲೆ ಕಳಚಿ ಬಿದ್ದಿದ್ದನ್ನು ಎತ್ತಿ, ಒಂದು ಬದಿ ಬಿಳಿ ಇತ್ತೆಂದು ಅದನ್ನು ಒಳಗೆ ಮಾಡಿ ಹಚ್ಚಿದ್ದ. ಇನ್ನೊಂದು ಬದಿಯಲ್ಲಿ ಏನಿದೆಯೆಂದು ಅವಸರದಲ್ಲಿ ನೋಡಿರಲಿಲ್ಲ. ಚಿತ್ರದಲ್ಲಿ ಚಿನ್ನಿ ಚಿಲಕ ಭದ್ರವಾಗಿ ಹಾಕಿ, ಅಜ್ಜಿಯ ಪಕ್ಕ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕೆಳಗೆ ಬರೆದಿತ್ತು: 'ಗುಡುಗು ಹೊರಗೆ, ನಾವು ಒಳಗೆ. ಮಿಂಚಿದ ಮೇಲೆ ಎಣಿಸೋಣ ಬಾ.'

ಗಾಳೆಪ್ಪ ಟೇಪಿನ ಸಮೇತ ಹಾಳೆಯನ್ನು ಕಿತ್ತು ಎದೆಗವಚಿಕೊಂಡು ಓಡಿಬಂದ. ಶಂಕ್ರಪ್ಪನನ್ನು ತಳ್ಳಿ ಒಳನುಗ್ಗಿ, ಮೇಜಿನ ಕೆಳಗೆ ತಾನೂ ತೂರಿಕೊಂಡು ಓದಿದ. ಇಂದ್ರವ್ವ ಎಲ್ಲಿಂದಲೋ ಒಂದು ಹಿಡಿ ಶೇಂಗಾ ತಂದಳು. ಮಿಂಚಿತು. "ಒಂದು, ಎರಡು, ಮೂರು" ಎಂದು ದಾನೇಶ್ವರಿ ಎಣಿಸಿದಳು. ಗುಡುಗಿತು. ಶೇಂಗಾ ಬಾಯಿಗೆ ಹೋಯಿತು. ಐದನೆಯ ಗುಡುಗಿಗೆ ಹುಡುಗಿ ಮೇಜಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಗಾಳೆಪ್ಪನಿಗೆ ಅಳು ಬರುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಕೊಡೆ ಹಿಡಿದು ಕಸ್ತೂರಿಯವರು ಬಂದರು. ಮೊಮ್ಮಗಳು ಸೆರಗಿಗೆ ಕೈ ಹಾಕಲಿಲ್ಲ. "ತಡಿ ಅಜ್ಜಿ, ಎಣಸಾಕತ್ತೇನಿ" ಎಂದಳು.

"ಭೇಷ್ ಗಾಳೆಪ್ಪ! ಗೆದ್ದಿ. ಖೋಲಿ ನಿಂದ" ಎನ್ನುತ್ತ ಅಧ್ಯಕ್ಷರು ಒಳಗೆ ಕಾಲಿಟ್ಟರು. ಪಚಕ್ ಎಂದಿತು. ಎಲ್ಲರೂ ಕೆಳಗೆ ನೋಡಿದರು, ಆಮೇಲೆ ಕಿಟಕಿ ನೋಡಿದರು. ಮಳೆ ಸೀದಾ ಒಳಗೆ ಹೊಡೆದು, ಕಪಾಟು ತೋಯ್ದು, ನೆಲದ ಮೇಲೆ ಹರಿಯುತ್ತಿತ್ತು.

"ಚಿನ್ನಿ ಅಲ್ಲೇ ಕಿಡಕ್ಯಾಗ ಇದ್ಲು ಅಜ್ಜಿ. ಸರ್ ಕಿತ್ಕೊಂಡು ಬಂದ್ರು" ಎಂದಳು ದಾನೇಶ್ವರಿ.

ಕಸ್ತೂರಿಯವರು ಮರುಕದಿಂದಲೇ ಹೇಳಿದರು. "ಇಲ್ಲಿ ಇಟ್ರ ಪುಸ್ತಕ ಉಳಿಯಂಗಿಲ್ಲಪಾ. ಪಾವಟಿಗಿ ಕೆಳಗ ಒಣಾ ಐತಿ, ಅಲ್ಲಿಗೆ ಒಯ್ಯಿ. ಶಂಕ್ರಪ್ಪ, ಪೈಪ್ ಒಳಗ ತಾ. ಅವಕ್ಕ ಬಿಸಲಿಂದ ಅಂಜಿಕಿ, ಮಳಿಗೇನು ಅಂಜಂಗಿಲ್ಲ."

ಗಾಳೆಪ್ಪ ಊದಿದ ನೆತ್ತಿ ಸವರುತ್ತ ಮೂಲೆಯಲ್ಲಿ ನಿಂತ. ಅವನ ಮುಖ ನೋಡಿ ದಾನೇಶ್ವರಿಗೆ ಪಾಪ ಅನಿಸಿತು. ಅವನ ಕೈಯಲ್ಲಿ ಒಂದು ಶೇಂಗಾ ಇಟ್ಟು, "ಅಂಜಬ್ಯಾಡ್ರಿ ಸರ್ರ, ಎಣಸ್ರಿ" ಎಂದಳು.

ಗಾಳೆಪ್ಪ ಎಣಿಸತೊಡಗಿದ. ಒಂದು, ಎರಡು, ಮೂರು. ಪೈಪುಗಳು ಒಳಗೆ ಬರುತ್ತಿದ್ದವು.