ನನ್ನ ಅಳತೆಯ ಬ್ರೇಕು

ಚೌಕಾಸಿ ಮಾಡದೆ ಕೊಂಡ ವಸ್ತು ಮನೆಯೊಳಗೆ ಬಂದರೆ ನನಗೆ ಅದು ಕದ್ದ ಮಾಲಿನ ಹಾಗೆ ಕಾಣುತ್ತದೆ. ಕದ್ದವನು ನಾನಲ್ಲ, ಅಂಗಡಿಯವನು. ಹೇಳಿದ ಬೆಲೆಯನ್ನು ಹೇಳಿದ ಹಾಗೇ ಎಣಿಸಿಕೊಟ್ಟು ಬರುವವರನ್ನು ನೋಡಿದರೆ ನನಗೆ ಕೋಪ ಬರುವುದಿಲ್ಲ, ಕನಿಕರ ಬರುತ್ತದೆ. ಮೂವತ್ತೈದು ವರ್ಷಗಳ ಹಿಂದೆ ಕೋಲಾರದ ಕಡೆಯಿಂದ ಒಂದು ಬ್ಯಾಗು ಹಿಡಿದು ಮದರಾಸಿಗೆ ಬಂದವನು ನಾನು. ಕೋಡಂಬಾಕ್ಕಂನಲ್ಲಿ ಶೂಟಿಂಗಿಗೆ ದೀಪ, ವೈರು ಬಾಡಿಗೆಗೆ ಕೊಡುತ್ತಿದ್ದ ಒಬ್ಬರ ಹತ್ತಿರ ಕೇಬಲ್ ಸುತ್ತುತ್ತಾ ಕೆಲಸ ಕಲಿತು, ಅದೇ ಬೀದಿಯಲ್ಲಿ ಸ್ವಂತ ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ. ಯಾರೂ ಕೈಹಿಡಿದು ಮೇಲೆತ್ತಲಿಲ್ಲ, ನನ್ನ ನಾಲಗೆಯೇ ನನ್ನನ್ನು ಎತ್ತಿತು. ಆದ್ದರಿಂದ ಬೇರೆಯವರಿಗೆ ಸಲಹೆ ಕೊಡುವ ಹಕ್ಕು ನನಗಿದೆ ಎಂದು ತಿಳಿದುಕೊಂಡಿದ್ದೇನೆ. ಮನೆಯಲ್ಲಿ ಕೇಳುವವರು ಇಲ್ಲದಿದ್ದಾಗ ಹೀಗೆ ಕೂತು ಬರೆಯುತ್ತೇನೆ.

ಈ ಸಲದ ಸಲಹೆ ಕಾರಿನ ಬಗ್ಗೆ. ಕಂಪನಿಯವನು ಕೊಟ್ಟದ್ದರ ಮೇಲೆ ನೀವು ಏನನ್ನಾದರೂ ಜೋಡಿಸಿ, ಆ ಕಾರು ರಸ್ತೆಗೆ ಲಾಯಕ್ಕು ಎಂದು ಆರ್‌ಟಿಓ ಆಫೀಸಿನಿಂದ ಬರೆಸಿಕೊಳ್ಳುವುದು ಹೇಗೆ? ಈ ಊರಿನಲ್ಲಿ ನನ್ನಷ್ಟು ವಿವರವಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ತಪ್ಪು ದಾರಿಗಳನ್ನೆಲ್ಲ ನಾನು ಖುದ್ದಾಗಿ ನಡೆದು ನೋಡಿದ್ದೇನೆ.

ನನ್ನ ಹೆಂಡತಿ ವಸಂತಾ ಎಗ್ಮೋರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ಡಿಕ್ಕಿ ಹೊಡೆದ, ಹೊಡೆಸಿಕೊಂಡ ಗಾಡಿಗಳ ಕ್ಲೇಮು ನೋಡುವುದು ಅವಳ ಕೆಲಸ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆತನದವಳು. ಅವಳ ಕನ್ನಡದಲ್ಲಿ ಅರ್ಧ ತಮಿಳು, ಬೈಯುವಾಗ ಪೂರ್ತಿ ತಮಿಳು. ನಾನು ಸ್ಟೀರಿಂಗ್ ಮುಟ್ಟುವುದಕ್ಕೆ ಎಷ್ಟೋ ಮೊದಲೇ ಅವಳು ಮೌಂಟ್ ರೋಡಿನಲ್ಲಿ ಕಾರು ಓಡಿಸುತ್ತಿದ್ದಳು. ಎರಡೂವರೆ ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿಬಿದ್ದಳು. ಸೊಂಟದ ಮೂಳೆ ಕೂಡಿಕೊಂಡಿತು, ಬಲಗಾಲಿನ ನರ ಮಾತ್ರ ಹಿಂದಿರುಗಲಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಆದರೆ ಬಲಪಾದವನ್ನು ಎತ್ತಿ ಬ್ರೇಕಿನ ಮೇಲೆ ಇಡಲಾರಳು. ಬಚ್ಚಲಿನ ಟೈಲ್ಸು ಬಹಳ ನುಣುಪಾಗಿದ್ದವು. ಅವನ್ನು ತಂದದ್ದು ಯಾರು, ಯಾವ ಗೋದಾಮಿನ ಮೂಲೆಯಿಂದ, ಎಷ್ಟು ಇಳಿಸಿ ತಂದದ್ದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದ್ದರೆ ನಾನು ಏನಾದರೂ ಉತ್ತರ ಕೊಡಬಹುದಿತ್ತು.

ಆಮೇಲೆ ದಿನವೂ ನಾನೇ ಅವಳನ್ನು ಎಗ್ಮೋರಿಗೆ ಬಿಟ್ಟು ಬರುತ್ತಿದ್ದೆ. ದಾರಿಯುದ್ದಕ್ಕೂ ಮಾತಾಡುತ್ತಿದ್ದೆ. ಆಫೀಸಿನಲ್ಲಿ ಮ್ಯಾನೇಜರನ್ನು ಹೇಗೆ ಸಂಭಾಳಿಸಬೇಕು, ಕಾಲಿಗೆ ಯಾವ ಎಣ್ಣೆ ತಿಕ್ಕಬೇಕು, ಎಲ್ಲ. ಅವಳು ಕಿಟಕಿಯ ಕಡೆ ತಿರುಗಿ ಕೂತಿರುತ್ತಿದ್ದಳು. ಕಿವಿಗೊಟ್ಟು ಕೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಒಂದು ದಿನ ಸಿಗ್ನಲಿನಲ್ಲಿ ನಿಂತಾಗ ಹೇಳಿದಳು: “ರೀ, ನಾನೇ ಓಡಿಸ್ಕೊಂಡು ಹೋಗ್ಬೇಕು. ಯಾರ ಟೈಮಿಗೂ ಕಾಯಕ್ಕೆ ಮುಡಿಯಲ್ಲ ಇನ್ನು.” ಮುಡಿಯಲ್ಲ ಎಂದರೆ ಆಗುವುದಿಲ್ಲ ಎಂದು. ಅವಳ ಆಫೀಸಿನ ಸಹೋದ್ಯೋಗಿಯೊಬ್ಬರಿಗೂ ಕಾಲಿನ ತೊಂದರೆಯಂತೆ. ಅವರ ಕಾರಿನಲ್ಲಿ ಸ್ಟೀರಿಂಗ್ ಪಕ್ಕ ಒಂದು ಹಿಡಿಕೋಲು ಇದೆ. ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನ ಕಡೆ ಎಳೆದರೆ ವೇಗ. ಅದರಲ್ಲೇ ಅವಳು ಭಾನುವಾರಗಳಂದು ಕಲಿತು, ಪರೀಕ್ಷೆ ಕೊಟ್ಟು, ಲೈಸೆನ್ಸನ್ನೂ ಬದಲಾಯಿಸಿಕೊಂಡಿದ್ದಳು. ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಉಳಿದದ್ದು ನಮ್ಮ ಕಾರೊಂದೇ.

“ಅದನ್ನು ನನಗೆ ಬಿಡು,” ಎಂದೆ. ನನ್ನ ಸಂಸಾರದ ಚರಿತ್ರೆಯಲ್ಲಿ ಈ ಮೂರು ಪದಗಳಷ್ಟು ದುಬಾರಿಯಾದದ್ದು ಬೇರೆ ಯಾವುದೂ ಇಲ್ಲ.

ಸರ್ಕಾರ ಒಪ್ಪಿದ, ಸರ್ಟಿಫಿಕೇಟು ಇರುವ ಹಿಡಿಕೋಲಿನ ಕಿಟ್ ಮಾರುವವರಿಗೆ ಫೋನು ಮಾಡಿದೆ. ಬೆಲೆ ಹೇಳಿದರು. ಎಷ್ಟಕ್ಕೆ ಬಿಡುತ್ತೀರಿ ಎಂದೆ. ಇನ್ನೊಂದು ಸಲ ಅದೇ ಬೆಲೆ ಹೇಳಿದರು. ಒಂದು ಮೊಳ ಕಬ್ಬಿಣಕ್ಕೆ ಇಷ್ಟಾ ಎಂದು ಫೋನಿಟ್ಟು, ನಮ್ಮ ಅಂಗಡಿಯ ಹಿಂದಿನ ಓಣಿಯ ಸೆಲ್ವಂ ಹತ್ತಿರ ಹೋದೆ. ಸೆಲ್ವಂ ಲೇತ್ ಇಟ್ಟುಕೊಂಡಿರುವ ಮೆಕ್ಯಾನಿಕ್ಕು. ಮುರಿದದ್ದನ್ನು ಕೂಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಚಿತ್ರ ಬರೆದು ತೋರಿಸಿದೆ. ಹಳೆಯ ಸ್ಕೂಟರಿನ ಹ್ಯಾಂಡಲ್ ಒಂದಿದೆ, ಅದನ್ನೇ ಕತ್ತರಿಸಿ ಮಾಡಿಬಿಡುತ್ತೇನೆ ಎಂದ. ಅವನು ಒಂದು ರೇಟು ಹೇಳಿದ, ನಾನು ನಕ್ಕೆ. ಅವನು ಇಳಿದ, ನಾನು ಎದ್ದು ನಿಂತೆ. ಅವನು ಟೀ ತರಿಸಿದ, ನಾನು ಕೂತೆ. ಕೊನೆಗೆ ತಲೆ ಕೆರೆದುಕೊಂಡು ಹೇಳಿದ: “ಬಿಲ್ ವೇಣಾಂನಾ ಇನ್ನುಂ ಕೊಂಜಂ ಕೊರೈಕ್ಕಲಾಂ ಅಣ್ಣಾ.” ಬಿಲ್ಲು ಬೇಡವಾದರೆ ಇನ್ನೂ ಸ್ವಲ್ಪ ಇಳಿಸಬಹುದು!

“ಬಿಲ್ಲನ್ನೇನು ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕ್ತೀನಾ? ಕೆಲಸ ಶುರುಮಾಡು,” ಎಂದೆ.

“ಒಕ್ಕಾರುಂಗಣ್ಣಾ, ಅಳವು ಎಡುಕ್ಕಣುಂ,” ಎಂದ. ಅಳತೆ ತೆಗೆಯಬೇಕು, ಕೂತುಕೊಳ್ಳಿ ಎಂದು. ನಾನು ಸೀಟು ಹಿಂದಕ್ಕೆ ತಳ್ಳಿ, ಆರಾಮಾಗಿ ಕೂತು ತೋಳು ಚಾಚಿದೆ. ಅವನು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ.

ಅವಳ ಹುಟ್ಟುಹಬ್ಬದ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ತೋರಿಸಿದೆ. ಅವಳು ಕೋಲೂರಿಕೊಂಡು ಬಗ್ಗಿ ನೋಡಿದಳು. ಒಂದು ಕ್ಷಣ ಮುಖ ಅರಳಿದ್ದು ನಿಜ. ಆ ಕ್ಷಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಮರುಕ್ಷಣ ಕೇಳಿದಳು: “ಪೇಪರ್ ಎಲ್ಲಿ?”

“ಎಂಥ ಪೇಪರ್?”

“ಆರ್‌ಸಿಯಲ್ಲಿ ಏರಿಸಿದ್ದೀರಾ? ಪರ್ಮಿಷನ್ ತಗೊಂಡ್ರಾ?”

“ಎಲ್ಲಾ ಆಗುತ್ತೆ ವಸಂತಾ, ಮೊದಲು ಕೂತು ನೋಡು.”

“ದಿನಾ ಹತ್ತು ಜನಕ್ಕೆ ‘ಗಾಡಿ ಮಾಡಿಫೈ ಮಾಡಿದ್ದು ಆರ್‌ಸಿಯಲ್ಲಿ ಇಲ್ಲ, ಕ್ಲೇಮ್ ಇಲ್ಲ’ ಅಂತ ಲೆಟರ್ ಬರೆಯೋಳು ನಾನು. ಹನ್ನೊಂದನೇದು ನನಗೆ ನಾನೇ ಬರ್ಕೋಬೇಕಾ?” ಎಂದು ಬಾಗಿಲು ಹಾಕಿ, ಪಕ್ಕದ ಸೀಟಿಗೆ ಹೋಗಿ ಕೂತಳು. ಕಾಗದ ಬರುವವರೆಗೆ ಸ್ಟೀರಿಂಗಿನ ಮುಂದೆ ಕೂರುವುದಿಲ್ಲ ಎಂದಳು. ಆವತ್ತೂ ನಾನೇ ಎಗ್ಮೋರಿಗೆ ಬಿಟ್ಟೆ. ಸ್ಕೂಟರಿನ ಹ್ಯಾಂಡಲು ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಆರ್‌ಟಿಓ ಆಫೀಸಿನಲ್ಲಿ ನನಗೆ ಸಿಕ್ಕಿದ ಇನ್ಸ್‌ಪೆಕ್ಟರು ಒಬ್ಬ ಹೆಣ್ಣುಮಗಳು, ನನ್ನ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಮೊದಲು ಅನುಮತಿ, ಆಮೇಲೆ ಒಪ್ಪಿಗೆಯಾದ ಕಿಟ್ಟು, ಅದರ ಸರ್ಟಿಫಿಕೇಟು, ಜೋಡಿಸಿದವರ ಬಿಲ್ಲು, ಕೊನೆಗೆ ಗಾಡಿಯ ತಪಾಸಣೆ ಎಂದು ವಿವರಿಸಿದರು. ನಾನು ಕೊನೆಯದನ್ನು ಹಿಡಿದುಕೊಂಡು ಮೊದಲನೆಯದಕ್ಕೆ ಹೋಗಿದ್ದೆ, ತಾಳಿ ಕಟ್ಟಿಬಂದು ಹೆಣ್ಣು ತೋರಿಸಿ ಎಂದು ಕೇಳಿದ ಹಾಗೆ. ನನ್ನ ಪಟ್ಟುಗಳನ್ನೆಲ್ಲ ಹಾಕಿದೆ. ನಕ್ಕೆ, ನಿಟ್ಟುಸಿರು ಬಿಟ್ಟೆ, ಎದ್ದು ಹೋಗುವವನಂತೆ ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ. ಯಾರೂ ಕರೆಯಲಿಲ್ಲ. ಅವರು ಮುಂದಿನ ಫೈಲು ತೆರೆದಿದ್ದರು. ಓದುಗರು ಇದೊಂದನ್ನು ಬರೆದಿಟ್ಟುಕೊಳ್ಳಿ: ಎದುರಿಗಿರುವವರಿಗೆ ಮಾರುವ ಆಸೆ ಇದ್ದರೆ ಮಾತ್ರ ಚೌಕಾಸಿ. ಆ ಹೆಣ್ಣುಮಗಳ ಮೇಜಿನ ಮೇಲೆ ಮಾರಾಟಕ್ಕೆ ಏನೂ ಇರಲಿಲ್ಲ. ಅಂಥವರನ್ನು ನಾನು ನನ್ನ ವ್ಯಾಪಾರದ ಬದುಕಿನಲ್ಲಿ ಹೆಚ್ಚು ಕಂಡವನಲ್ಲ, ಅಭ್ಯಾಸ ಸಾಲದೆ ಸೋತೆ. ಕೊನೆಗೆ ಅವರೇ ಕನಿಕರಪಟ್ಟು, ಇರುವ ಬಿಲ್ಲನ್ನಾದರೂ ತನ್ನಿ, ಗಾಡಿಯನ್ನೂ ಓಡಿಸುವವರನ್ನೂ ಕರೆತನ್ನಿ, ಒಮ್ಮೆ ನೋಡಿ ಏನು ಮಾಡಬೇಕೆಂದು ಹೇಳುತ್ತೇನೆ ಎಂದರು.

ಸೆಲ್ವಂ ಹತ್ತಿರ ಓಡಿದೆ. ಅವನು ಗ್ರೀಸಿನ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು, “ನೀಂಗದಾನೆ ಬಿಲ್ ವೇಣಾಂನು ಸೊನ್ನೀಂಗ!” ಎಂದ. ನೀವೇ ತಾನೇ ಬೇಡ ಅಂದದ್ದು! “ಅಪ್ಪಾ, ಈಗ ಬೇಕು, ಹಾಕಿಕೊಡು,” ಎಂದೆ. ಬಿಲ್ಲಿನಲ್ಲಿ ಏನೆಂದು ಬರೆಯಲಿ, ಹಳೇ ಸ್ಕೂಟರ್ ಹ್ಯಾಂಡಲ್ ಒಂದು ಎಂದು ಬರೆಯಲೇ ಎಂದು ಅವನು ಪ್ರಾಮಾಣಿಕವಾಗಿ ಕೇಳಿದ. ಅವನ ಕಣ್ಣಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಇಳಿಸಿದ್ದನ್ನೆಲ್ಲ ತಿರುಗಿ ಕೊಟ್ಟು, ಅದರ ಮೇಲೆ ತೆರಿಗೆಯನ್ನೂ ಕೊಟ್ಟು, ಬಿಲ್ಲು ಬರೆಸಿಕೊಂಡೆ.

ಎರಡನೆಯ ಸಲ ವಸಂತಾ ಅರ್ಧ ದಿನ ರಜೆ ಹಾಕಿ ಬಂದಳು. ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಆರ್‌ಟಿಓ ಆಫೀಸಿಗೆ ರೇಷ್ಮೆ ಏಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಫೀಸಿನ ಹಿಂದಿನ ಮೈದಾನದಲ್ಲಿ ಬಿಸಿಲು ಸುಡುತ್ತಿತ್ತು. ಇನ್ಸ್‌ಪೆಕ್ಟರು ಬಿಲ್ಲನ್ನು ಓದಿ, ಮಡಚಿ, ನನಗೇ ಹಿಂದಕ್ಕೆ ಕೊಟ್ಟರು. “ಯಾರು ಸಾರ್ ವಂಡಿ ಓಟ್ಟಪ್ಪೋರಾಂಗ?” ಎಂದರು. ಓಡಿಸುವವಳು ಇವಳೇ ಎಂದು ತೋರಿಸಿದೆ. “ಒಕ್ಕಾರುಂಗ ಮೇಡಂ.”

ವಸಂತಾ ಕೋಲನ್ನು ನನ್ನ ಕೈಗೆ ಕೊಟ್ಟು, ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತಳು. ಎರಡು ವರ್ಷದ ಮೇಲೆ ತನ್ನ ಕಾರಿನ ಸ್ಟೀರಿಂಗ್ ಮುಟ್ಟಿದಳು. “ಫುಲ್ಲಾ ತಳ್ಳುಂಗ ಮೇಡಂ,” ಎಂದರು ಇನ್ಸ್‌ಪೆಕ್ಟರು. ಅವಳು ಹಿಡಿಕೋಲನ್ನು ತಳ್ಳಿದಳು. ತೋಳು ನೆಟ್ಟಗಾಯಿತು, ಭುಜ ಮುಂದೆ ಬಂತು, ಬೆರಳುಗಳು ಹಿಡಿಯ ತುದಿಗೆ ಜಾರಿದವು. ಬ್ರೇಕು ಪೂರ್ತಿ ಬೀಳಲು ಇನ್ನೂ ಒಂದು ಗೇಣು ಬಾಕಿಯಿತ್ತು. ಸೀಟನ್ನು ಮುಂದಕ್ಕೆ ಎಳೆದರೆ ಸೆಲ್ವಂನ ಕಬ್ಬಿಣ ಅವಳ ಮೊಣಕಾಲಿಗೆ ಒತ್ತುತ್ತಿತ್ತು. ಹಿಂದಕ್ಕೆ ತಳ್ಳಿದರೆ ಕೈ ಎಟುಕುತ್ತಿರಲಿಲ್ಲ. ನಾನು ಆರಡಿಗೆ ಒಂದಿಂಚು ಕಮ್ಮಿ. ಅವಳು ನನ್ನ ಭುಜಕ್ಕೆ ಬರುತ್ತಾಳೆ. ಇಪ್ಪತ್ತಾರು ವರ್ಷದಿಂದ ನನ್ನ ಭುಜಕ್ಕೇ ಬರುತ್ತಿದ್ದಾಳೆ.

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಒಂದು ಮಗು ಅಡ್ಡ ಬಂದಿದ್ದರೆ, ಎಂದು ಶುರುಮಾಡಿ ಅವರೇ ನಿಲ್ಲಿಸಿದರು. ಆಮೇಲೆ ತಮಿಳಿನಲ್ಲಿ ಸಣ್ಣ ದನಿಯಲ್ಲಿ ಕೇಳಿದರು, ಇದು ಯಾರ ಅಳತೆ ಎಂದು.

ವಸಂತಾ ತೋಳನ್ನು ಹಾಗೇ ಚಾಚಿಕೊಂಡು, ಮುಂದಿನ ಗಾಜನ್ನೇ ನೋಡುತ್ತಾ ಹೇಳಿದಳು: “ಬಚ್ಚಲಿಗೆ ಟೈಲ್ಸ್ ತಂದವರದ್ದೇ.”

ಒಂದೇ ಒಂದು ತಮಿಳು ಪದವಿಲ್ಲದ ಕನ್ನಡ. ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಆ ಇಡೀ ಮೈದಾನದಲ್ಲಿ ಅರ್ಥವಾಗುವವನು ನಾನೊಬ್ಬನೇ ಇದ್ದೆ. ಬೈದಿದ್ದರೆ ತಮಿಳಿನಲ್ಲಿ ಬೈಯುತ್ತಿದ್ದಳು. ಅದು ಬೈಗುಳವಾಗಿರಲಿಲ್ಲ.

ಅಲ್ಲಿಂದ ಮುಂದಿನದನ್ನು ಅವಳೇ ನೋಡಿಕೊಂಡಳು. ನೇರವಾಗಿ ಅರ್ಜಿ ಬರೆದಳು, ಅನುಮತಿ ಬಂತು. ಸೆಲ್ವಂ ತನ್ನ ಹಿಡಿಕೋಲನ್ನು ಬಿಚ್ಚಿಕೊಂಡು ಹೋದ, ಬಿಚ್ಚಿದ್ದಕ್ಕೆ ನನ್ನಿಂದ ಏನೂ ಕೇಳಲಿಲ್ಲ. ಕಿಟ್ಟಿನವರ ಕಡೆಯಿಂದ ಒಬ್ಬ ಫಿಟ್ಟರು ಬಂದು ಅವಳನ್ನು ಕೂರಿಸಿ ಒಂದು ಗಂಟೆ ಅಳತೆ ತೆಗೆದ. ಯಾವ ಭುಜ ಬೇಗ ನೋಯುತ್ತದೆ, ಸೀರೆಯಲ್ಲಿ ಓಡಿಸುತ್ತೀರಾ ಚೂಡಿದಾರದಲ್ಲಾ, ಉಂಗುರ ಹಾಕುತ್ತೀರಾ ಎಂದು ಕೇಳಿ ಕೇಳಿ ಬರೆದುಕೊಂಡ. ಇಪ್ಪತ್ತಾರು ವರ್ಷದಲ್ಲಿ ನಾನು ಕೇಳದ ಪ್ರಶ್ನೆಗಳು. ನಾನು ಬೆಲೆಯ ಬಗ್ಗೆ ಗಂಟಲು ಸರಿಮಾಡಿಕೊಂಡೆ ಅಷ್ಟೆ. “ರೀ, ನೀವು ಅಂದ ಪಕ್ಕ ಕೂತ್ಕೊಳ್ಳಿ,” ಎಂದಳು. ಆ ಪಕ್ಕಕ್ಕೆ ಹೋಗಿ ಕೂತೆ. ಬಿಲ್ಲು ಬಂತು, ಓದದೆ ಮಡಚಿ ಕೈಚೀಲದಲ್ಲಿಟ್ಟುಕೊಂಡಳು. ಕಾರನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಳು, ಅಂಥ ಗಾಡಿಗೆ ಓಡಿಸುವವರೇ ಒಡೆಯರಾದರೆ ಅನುಕೂಲವಂತೆ. ಹೊಸ ಆರ್‌ಸಿ ಕಾರ್ಡಿನಲ್ಲಿ ನನ್ನ ಹೆಸರು ಇಲ್ಲದೇ ಇಲ್ಲ. ಗಂಡನ ಹೆಸರು ಎಂಬಲ್ಲಿ, ಸಣ್ಣ ಅಕ್ಷರದಲ್ಲಿದೆ.

ಈಗ ಬೆಳಿಗ್ಗೆ ಅವಳು ನನ್ನನ್ನು ಅಂಗಡಿಯ ಹತ್ತಿರ ಇಳಿಸಿ ಎಗ್ಮೋರಿಗೆ ಹೋಗುತ್ತಾಳೆ. ಪಕ್ಕದ ಸೀಟಿನಲ್ಲಿ ಕೂತ ನಾನು ಪ್ರತಿ ಸಿಗ್ನಲಿನಲ್ಲೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತೇನೆ. ಅವಳು ಕೈಯಿಂದ ತಳ್ಳುತ್ತಾಳೆ, ಕಾರು ನಿಲ್ಲುತ್ತದೆ. ಅಂಗಡಿಗೆ ಬಂದವರು ವಿಚಾರಿಸಿದರೆ ಸಲಹೆ ಕೊಡುತ್ತೇನೆ: ಮೊದಲು ಅನುಮತಿ ತಗೊಳ್ಳಿ, ಬಿಲ್ಲು ಬಿಡಬೇಡಿ, ಓಡಿಸುವವರನ್ನೇ ಕೂರಿಸಿ ಅಳತೆ ತೆಗೆಸಿ. ಹುಟ್ಟಿದಾಗಿನಿಂದ ಇದೆಲ್ಲ ಗೊತ್ತಿದ್ದವನ ಧಾಟಿಯಲ್ಲಿ ಹೇಳುತ್ತೇನೆ. ತಲೆದೂಗಿ ಹೋಗುತ್ತಾರೆ.

ಕಳೆದ ತಿಂಗಳು ಬಚ್ಚಲಿನ ಟೈಲ್ಸನ್ನೂ ತೆಗೆಸಿದೆ. ಒರಟು ಮೈಯಿನ, ಜಾರದ ಟೈಲ್ಸು ಹಾಕಿಸಿದೆ. ಅಂಗಡಿಯವನು ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟೆ. ಅವನೇ ಅನುಮಾನದಿಂದ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದ. ಬಿಲ್ಲು ತಂದು ಅವಳ ಕಣ್ಣಿಗೆ ಬೀಳುವ ಹಾಗೆ ಫ್ರಿಜ್ಜಿನ ಮೇಲಿಟ್ಟೆ. ಮರುದಿನ ಅದು ಅಲ್ಲಿರಲಿಲ್ಲ. ಕಾರಿನ ಕಾಗದಗಳ ಜೊತೆ ಸೇರಿತ್ತು.

ಟೈಲ್ಸು ಮುಗಿದ ಮೇಲೆ ಗೋಡೆಗೆ ಹಿಡಿದುಕೊಳ್ಳಲು ಒಂದು ಸ್ಟೀಲಿನ ಕಂಬಿ ಹಾಕಿಸುವುದಿತ್ತು. ಮೇಸ್ತ್ರಿ ಪೆನ್ಸಿಲು ಕಿವಿಯಿಂದ ತೆಗೆದು, “ಎವ್ಳೋ ಒಯರಂ ಸಾರ್?” ಎಂದ. ಎಷ್ಟು ಎತ್ತರಕ್ಕೆ? ಅಷ್ಟೆಲ್ಲ ಅನುಭವಿಸಿದವನು ನಾನು. ಅಮ್ಮ ಸಂಜೆ ಬರುತ್ತಾರೆ, ಅವರನ್ನೇ ಕೇಳು ಎನ್ನಬೇಕೆಂದು ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ನನ್ನ ಕೈ ತಾನಾಗಿ ಚಾಚಿ ಗೋಡೆಯ ಮೇಲೆ ಒಂದು ಜಾಗ ಮುಟ್ಟಿ ತೋರಿಸಿಬಿಟ್ಟಿತ್ತು. ಅವನು ಗೆರೆ ಎಳೆದ.

ಸಂಜೆ ಅವಳು ಬಂದು ನೋಡಿದಳು. ಪೆನ್ಸಿಲು ಕೇಳಿ ಇಸಿದುಕೊಂಡು, ನನ್ನ ಗೆರೆಯಿಂದ ಒಂದು ಗೇಣು ಕೆಳಗೆ ಇನ್ನೊಂದು ಗೆರೆ ಎಳೆದಳು. ಕಂಬಿ ಅಲ್ಲಿ ಕೂತಿದೆ. ಮೇಲಿನ ಗೆರೆಯನ್ನು ಮಾತ್ರ ಯಾರೂ ಅಳಿಸಿಲ್ಲ. ದಿನವೂ ಸ್ನಾನಕ್ಕೆ ನಿಂತಾಗ ಅದು ಸರಿಯಾಗಿ ನನ್ನ ಕೈಯ ಎತ್ತರಕ್ಕೇ ಇರುತ್ತದೆ.