ದನಿ ನಿಮ್ಮದೇ, ಒಪ್ಪಿಗೆ ಕೊಡಿ

ನಾನು ಒಳ್ಳೆ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ಇಂಥದ್ದೇ ಏನಾದರೂ ಆಗುತ್ತಿರುತ್ತದೆ. ಮೈಸೂರಿನಲ್ಲಿ ಕಂಪ್ಯೂಟರಿಗೆ ಕನ್ನಡ ಮಾತಾಡೋದು ಕಲಿಸಿದವನು ನಾನೇ ಅಂದರೆ ಜಂಬ ಎನ್ನುತ್ತೀರಿ. ಸರಿ, ಜೊತೆಗೆ ಇನ್ನೂ ಹತ್ತು ಹನ್ನೆರಡು ಜನ ಇದ್ದರು ಅನ್ನಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಬೀದಿಯ ಕಾಲೇಜು ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ಯಾರಾದರೂ ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಒಂದು ಪುಟ ಓದಿಸ್ಕೊಳ್ಳೋಕೆ ಊರೋರ ಬಿಡುವು ಕಾಯ್ಬೇಕು ಕಣ್ರೀ. ನನ್ನ ಪುಸ್ತಕ ನಾನೇ ಓದ್ಕೊಳ್ಳೋ ಹಾಗಾಗ್ಬೇಕು" ಎಂದು ಅವರು ಒಂದು ಗುಂಪು ಕಟ್ಟಿದರು. ಅವರ ಹಳೇ ಶಿಷ್ಯರು ಪ್ರೋಗ್ರಾಂ ಬರೆದರು. ನಾವು ಒಬ್ಬೊಬ್ಬರು ಒಂದಷ್ಟು ಪದ ಹೇಳಿ ದನಿ ಕೊಟ್ಟೆವು. ಟೈಪ್ ಮಾಡಿದ ಸಾಲನ್ನು ಕಂಪ್ಯೂಟರು ಆ ಪದಗಳನ್ನು ಜೋಡಿಸಿ ಓದುತ್ತದೆ.

ಸಿಡಿ ಮಾಡಿ ಬೇರೆ ಊರಿನವರಿಗೂ ಪುಕ್ಕಟೆ ಹಂಚೋಣ ಅಂತ ಎಲ್ಲರೂ ಕುಣಿಯುತ್ತಿರುವಾಗ ಮೇಷ್ಟ್ರು ತಡೆದರು. "ದನಿ ಕೊಟ್ಟಿದ್ದು ನಮ್ಮ ಗುಂಪಿಗೆ. ಊರಿಗೆಲ್ಲ ಹಂಚೋಕೆ ಒಬ್ಬೊಬ್ಬರನ್ನೂ ಕೇಳ್ಬೇಕು. ಬೇಡ ಅಂದೋರ ದನಿ ನಮ್ಮ ಕಂಪ್ಯೂಟರಿಂದ್ಲೂ ತೆಗೆದುಬಿಡೋದು."

ಕೇಳುವ ಕೆಲಸ ಯಾರಿಗೆ? ಇಡೀ ಮೈಸೂರಿನಲ್ಲಿ ನನ್ನ ಮಾತಿಗೆ ಇಲ್ಲ ಅಂದವರಿಲ್ಲ. ನನ್ನ ಹೆಂಡತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಂಡಿ ಮೊಹಲ್ಲಾದ ಊಟ

ಎಲ್ಲರಿಗೂ ಈಮೇಲ್ ಕಳಿಸಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಮೊದಲು, ದಿನಸಿ ಪದಗಳಿಗೆ ದನಿ ಕೊಟ್ಟಿದ್ದ ಮಂಡಿ ಮೊಹಲ್ಲಾದ ಮೆಣಸಿನಕಾಯಿ ಸಾಹುಕಾರರ ಅಂಗಡಿಗೆ ಹೋದೆ.

"ಈಮೇಲ್ ನೋಡಿದ್ರಾ?"

"ನೋಡ್ದೆ."

"ಮತ್ತೆ?"

"ಅಲ್ರೀ, ಶುಭಕಾರ್ಯಕ್ಕೆ ಹಂಗಾ ಕೇಳೋದು? ಮನೆಗೆ ಬಂದು ಕೇಳ್ಬೇಕಪ್ಪ, ಮನೆಯವ್ರನ್ನೂ ಕರ್ಕೊಂಡು."

ಮಾರನೇ ದಿನ ರೇಷ್ಮೆ ಸೀರೆ ಉಟ್ಟ ಹೆಂಡತಿ, ಕುಂಕುಮದ ಬಟ್ಟಲು ಸಮೇತ ಅವರ ಮನೆಗೆ ಹೋದೆ. ಸಾಹುಕಾರರ ತಾಯಿ ಕುಂಕುಮ ಇಟ್ಟುಕೊಂಡು, "ಊಟ ಎಲ್ಲಿಟ್ಕೊಂಡಿದ್ದೀರಪ್ಪಾ?" ಅಂದರು.

"ಊಟ ಇಲ್ಲಜ್ಜಿ. ಬರೀ ಒಪ್ಪಿಗೆ."

"ಅಯ್ಯೋ! ಇಷ್ಟು ಚೆನ್ನಾಗಿ ಕರೆದುಬುಟ್ಟು ಊಟ ಇಲ್ಲ ಅಂದ್ರೆ ಏನು ಚೆಂದ?"

ಭಾನುವಾರ ಊಟದ ಹೊತ್ತಿಗೆ ನಮ್ಮ ಮನೆಗೇ ಒಪ್ಪಿಗೆ ಬಂತು. ಒಪ್ಪಿಗೆ ಕೊಡಲು ಸಾಹುಕಾರರು ಒಬ್ಬರೇ. ಅವರು ಒಪ್ಪಿದ್ದನ್ನು ನೋಡಲು ಎರಡು ಆಟೋ ತುಂಬ ಜನ.

ಎರಡರಿಂದ ನಾಲ್ಕು

ಲಷ್ಕರ್ ಮೊಹಲ್ಲಾದಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರು. ಅಂಕಿಗಳೆಲ್ಲ ಅವರ ದನಿಯಲ್ಲಿವೆ.

"ಒಪ್ಪಿಗೆ ಕಣ್ರೀ, ಧಾರಾಳವಾಗಿ ಹಂಚಿ. ಆದ್ರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬ್ಯಾಡ."

"ಯಾಕೆ ಸಾರ್?"

"ನಾನು ಮಲಗೋ ಹೊತ್ತು."

"ಸಾರ್, ಕಂಪ್ಯೂಟರಲ್ಲಿರೋದು ನಿಮ್ಮ ದನಿ. ನೀವಲ್ಲ!"

"ದನಿ ನಂದು ತಾನೇ? ನಾನು ಮಲಗಿರುವಾಗ ಅದೊಂದೇ ಎದ್ದು ದುಡೀಬೇಕಾ? ಸರ್ವೀಸಲ್ಲಿ ದುಡಿದಿದ್ದು ಸಾಲ್ದಾ?"

ನನ್ನ ವಾಕ್ಚಾತುರ್ಯವನ್ನೆಲ್ಲ ಸುರಿದೆ. ಅವರು ಆಕಳಿಸಿದರು. ಸೋತು ಮೇಷ್ಟ್ರ ಹತ್ತಿರ ಬಂದು ಹೇಳಿದರೆ, ಅವರು ನಗಲೂ ಇಲ್ಲ. "ಅವರ ದನಿ, ಅವರ ಷರತ್ತು. ಒಪ್ಕೊಳ್ಳಿ. ಆ ಹೊತ್ತಲ್ಲಿ ನಾನೂ ಗೊರಕೆ ಹೊಡೀತಿರ್ತೀನಿ."

ಕೆಸರೆಯ ಟೀಚರಮ್ಮ

ಉಳಿದವರು ಬೇಗ ಒಪ್ಪಿದರು. ಕೊನೆಗೆ ಉಳಿದದ್ದು ಕೆಸರೆಯ ನಿವೃತ್ತ ಟೀಚರಮ್ಮ. ಮುಕ್ಕಾಲು ಪಾಲು ಪದಗಳು ಅವರವೇ. ಅವರು ಬೇಡ ಅಂದರೆ ಕಂಪ್ಯೂಟರಿಗೆ ಉಳಿಯುವುದು ಅಂಕಿ, ಜೊತೆಗೆ ಒಂದಿಷ್ಟು ಮೆಣಸಿನಕಾಯಿ. ಮೇಷ್ಟ್ರು ಮತ್ತೆ ಊರವರ ಬಿಡುವು ಕಾಯಬೇಕು. ಅವತ್ತು ಬಾಗಿಲಲ್ಲೇ ನಿಂತು, "ಒತ್ತಾಯ ಮಾತ್ರ ಮಾಡ್ಬೇಡಿ" ಎಂದು ನನ್ನನ್ನು ಕಳಿಸಿದರು. ಹಾಗೆ ಹೇಳುವಾಗ ಅವರ ಮುಖ ಬಾಡಿತ್ತು.

ಎರವಲು ತಂದ ಲ್ಯಾಪ್‌ಟಾಪಿನಲ್ಲಿ ಟೀಚರಮ್ಮನಿಗೆ ಅವರದೇ ದನಿ ಕೇಳಿಸಿದೆ. ಅವರು ಹುಬ್ಬು ಗಂಟಿಕ್ಕಿದರು.

"ಯಾರ್ರೀ ಇದು, ತಗಡು ಬಡಿದ ಹಾಗೆ?"

"ನೀವೇ ಅಮ್ಮ."

"ಸಾಧ್ಯವೇ ಇಲ್ಲ. ನನ್ನ ದನಿ ನನಗೆ ಗೊತ್ತಿಲ್ವಾ? ನಾನು ಮೆತ್ತಗೆ ಮಾತಾಡೋಳು."

"ಅಮ್ಮ, ನಿಮ್ಮದೇ ಅಮ್ಮ!"

"ನೋಡಿ, ಇನ್ಯಾರದ್ದೋ ದನಿಗೆ ನಾನು ಒಪ್ಪಿಗೆ ಕೊಡೋದು ತಪ್ಪು. ಆಕೆ ಯಾರೋ, ಆಕೆಯನ್ನೇ ಕೇಳಿ."

ಇಂಥ ಪ್ರಾಮಾಣಿಕರ ಜೊತೆ ವಾದ ಮಾಡುವುದು ಹೇಗೆ? ಇನ್ನೊಂದೇ ಒಂದು ಸಾಲು ಕೇಳಿ ಎಂದು ಬೇಡಿಕೊಂಡೆ. ಆಗಲಿ ಅಂದರು. ಏನು ಟೈಪ್ ಮಾಡಬೇಕೆಂದು ತೋಚದೆ, ಮುಂದಿದ್ದ ಖಾಲಿ ಕಾಫಿ ಲೋಟ ನೋಡಿ, 'ಹಾಲು ಮುಗಿದಿದೆ, ಬೇಗ ತನ್ನಿ' ಎಂದು ಕುಟ್ಟಿದೆ. ಲ್ಯಾಪ್‌ಟಾಪು ಗಟ್ಟಿಯಾಗಿ ಓದಿತು.

"ಹೊರಟೆ ಕಣೇ, ಹೊರಟೆ!" ಅಂತ ಒಳಕೋಣೆಯಿಂದ ಕೂಗು. ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕ ತೆಗೆಯುವುದನ್ನೂ ಮರೆತು, ಚೀಲ ಹಿಡಿದು, ನಮ್ಮ ನಡುವೆಯೇ ಹಾದು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು. ಗೇಟು ಕಿರ್ರೆಂದು ಮುಚ್ಚಿದ ಮೇಲೆ ಟೀಚರಮ್ಮ ನನ್ನ ಕಡೆ ತಿರುಗಿದರು.

"ನಂದೇ ದನಿ. ಒಪ್ಪಿಗೆ. ನಮ್ಮ ಮನೆಗೂ ಒಂದು ಸಿಡಿ ಕೊಟ್ಟುಬಿಡಿ. ತವರಿಗೆ ಹೋದಾಗ ಇಲ್ಲಿ ಹಾಕಿಟ್ಟು ಹೋಗ್ತೀನಿ."

ಮೇಷ್ಟ್ರು ಇನ್ನು ತಮ್ಮ ಪುಸ್ತಕ ತಾವೇ ಓದಿಕೊಳ್ಳಬಹುದು ಎಂದು ಎದೆಯುಬ್ಬಿಸಿ ಹೊರಟೆ. ಗೇಟಿನ ಹತ್ತಿರ ಯಜಮಾನರು ಹಾಲಿನ ಪ್ಯಾಕೆಟ್ಟು ಹಿಡಿದು ಬರುತ್ತಿದ್ದರು. ಏನೇನಾಯಿತೆಂದು ಎಲ್ಲ ಹೇಳಿದೆ. ಅವರು ಒಮ್ಮೆ ಮನೆ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದರಲ್ಲಿ ದನಿ ಸಣ್ಣ ಮಾಡೋ ಗುಂಡಿ ಇದೆಯೇನ್ರೀ?"

"ಇದೆ ಸಾರ್."

"ಹಾಗಾದ್ರೆ ನಂದೂ ಒಪ್ಪಿಗೆ."